ಬಲದಿಯಾದ ದೊಡ್ಡವರು

ಜನವರಿ 22, 1999, ಶುಕ್ರವಾರ

ಈ ಮನೆಯಲ್ಲಿ ಕನ್ನಡ ಓದಲು ಬರುವವರು ಯಾರೂ ಇಲ್ಲ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಇವತ್ತು ಪಾದ್ರಿಗಳ ಬಲಿಪೂಜೆ ಮುಗಿದ ಮೇಲೆ ಚಿಕ್ಕಮ್ಮ ಬರ್ನಡೆಟ್ ಮಾವ್ಶಿ ನನ್ನನ್ನು ಮೂಲೆಗೆ ಕರೆದು ಬೈದರು. ನಾನು ಕೆಲಸಕ್ಕಿರುವ ಮನೆಯ ಮೇಡಂ ಮಾವ್ಶಿಗೆ ಫೋನು ಮಾಡಿದ್ದರಂತೆ. ಹುಡುಗಿ ಒಳ್ಳೆಯವಳು, ಕೆಲಸ ಚೊಕ್ಕ, ಆದರೆ ಬಾಯಿಯೇ ಇಲ್ಲ, ಮಕ್ಕಳಿರುವ ಮನೆಗೆ ಮಾತಾಡುವವಳು ಬೇಕು ಅಂದರಂತೆ. ಕೆಲಸಕ್ಕೆ ಇಟ್ಟುಕೊಳ್ಳಬೇಕೋ ಬೇಡವೋ ಎಂಬ ನನ್ನ ಮೂರು ತಿಂಗಳ ಪರೀಕ್ಷೆ ಮಾರ್ಚ್ ಮಧ್ಯಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಸರಿಯಾಗದಿದ್ದರೆ ವಿಮಾನ ಹತ್ತಿಸುತ್ತಾರೆ. ವೀಸಾ ಮಾಡಿಸಿಕೊಟ್ಟ ಮಾವ್ಶಿಯ ಮರ್ಯಾದೆಯೂ ಅದೇ ವಿಮಾನದಲ್ಲಿ ಹೋಗುತ್ತದೆ. "ನಿನಗೆ ನಾಲಿಗೆ ಉಂಟಾ ಇಲ್ಲವಾ ಬೆನಿಟಾ?" ಎಂದು ಕೇಳಿದರು. ನಾನು ತಲೆ ಆಡಿಸಿದೆ. ಉಂಟು ಎಂದು ಆಡಿಸಿದೆನೋ ಇಲ್ಲ ಎಂದೋ ನನಗೇ ಗೊತ್ತಾಗಲಿಲ್ಲ.

ನಾನು ವಾಪಸು ಹೋದರೆ ಅಮ್ಮ ಮತ್ತೆ ಗೇರುಬೀಜದ ಕಾರ್ಖಾನೆಗೆ ಹೋಗಬೇಕು. ಬೀಜದ ಸಿಪ್ಪೆಯ ಎಣ್ಣೆ ತಾಗಿ ಸುಟ್ಟ ಅವಳ ಬೆರಳುಗಳ ಚರ್ಮ ಈಗಷ್ಟೇ ಕೂಡುತ್ತಿದೆಯಂತೆ.

ಜನವರಿ 24, ಆದಿತ್ಯವಾರ

ಮೇಡಂ ಹೊಸ ಕೆಲಸ ಹೇಳಿದರು. ಅವರ ತಂದೆ ಜರ್ಮನಿಯಿಂದ ಬಂದಿದ್ದಾರೆ. ಮಕ್ಕಳು ಓಪಾ ಎಂದು ಕರೆಯುತ್ತಾರೆ, ಅಂದರೆ ಅಜ್ಜ. ಬಂದಾಗಿನಿಂದ ಕಿಟಕಿಯ ಹತ್ತಿರ ಕುಳಿತೇ ಇದ್ದಾರೆ. ತಟ್ಟೆಯಲ್ಲಿಟ್ಟದ್ದು ಹಾಗೇ ವಾಪಸು ಬರುತ್ತದೆ. ಮೊನ್ನೆ ಒಬ್ಬರೇ ನಡೆಯಲು ಹೋಗಿ ದಾರಿ ತಪ್ಪಿದರು. ದೋಹಾದ ಈ ಅಲ್ ಹಿಲಾಲ್ ಬಡಾವಣೆಯ ಮನೆಗಳೆಲ್ಲ ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ತರ. ಡ್ರೈವರ್ ನೌಶಾದಣ್ಣ ಹುಡುಕಿ ತಂದದ್ದು. ಇನ್ನು ಮೇಲೆ ಸಂಜೆ ಅವರ ಜೊತೆ ನಾನು ನಡೆಯಬೇಕು. ಇಬ್ಬರೂ ಮಾತಾಡುವುದಿಲ್ಲ, ಹೊಂದಿಕೊಳ್ಳುತ್ತೀರಿ ಎಂದರು ಮೇಡಂ. ತಮಾಷೆಗೆ ಹೇಳಿದ್ದೋ ಎಂದು ಮುಖ ನೋಡಿದೆ. ಅಲ್ಲ.

ನೌಶಾದಣ್ಣ ಉಳ್ಳಾಲದ ಕಡೆಯವರು. ಅಡುಗೆಮನೆಗೆ ಚಹಾ ಕುಡಿಯಲು ಬಂದಾಗ ಅವರೇ ಹೇಳಿದರು. ಅಜ್ಜ ಸಾಮಾನ್ಯದವರಲ್ಲವಂತೆ. ಇಪ್ಪತ್ತೇಳು ವರ್ಷ ಒಂದು ಪೇಟೆಗೆ ಮೇಯರ್ ಆಗಿದ್ದರಂತೆ. ಹೋದ ವರ್ಷದ ಚುನಾವಣೆಯಲ್ಲಿ ಒಬ್ಬ ಮದ್ದಿನಂಗಡಿಯವನ ಎದುರು ಸೋತರಂತೆ. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮೇಡಂ ಇಲ್ಲಿಗೆ ಕರೆಸಿಕೊಂಡರು. ಮೇಯರ್ ಅಂದರೆ ಎಂತ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು. ಮುಖ ನೋಡಿ ನೌಶಾದಣ್ಣನಿಗೆ ಅರ್ಥವಾಯಿತು. "ಬಲದಿಯಾದ ದೊಡ್ಡವರು ಅಂತ ಇಟ್ಟುಕೋ," ಅಂದರು. ಇಲ್ಲಿ ಮುನ್ಸಿಪಾಲಿಟಿಗೆ ಬಲದಿಯಾ ಅನ್ನುತ್ತಾರೆ.

ಜನವರಿ 27, ಬುಧವಾರ

ಹೋದೆವು, ಬಂದೆವು. ಓಪಾ ಹ್ಯಾಟು ಹಾಕಿ ಕೊಡೆ ಹಿಡಿದು ಮುಂದೆ, ನಾನು ಹಿಂದೆ.

ನಮ್ಮ ತುಳು ಕಡೆಯವರೇ ಆದ ಹಮೀದಾಕರ ಗ್ರೋಸರಿ ಅಂಗಡಿಯ ಎದುರು ಓಪಾ ನಿಂತರು. ಕಾಲುದಾರಿಯಲ್ಲಿ ಇಟ್ಟಿದ್ದ ಟೊಮೆಟೊ ಪೆಟ್ಟಿಗೆಗಳನ್ನು ಕೊಡೆಯ ತುದಿಯಿಂದ ಮುಟ್ಟಿ ನೋಡಿದರು. ಪಕ್ಕದ ಅಣ್ಣು ಟೈಲರರ ಮೇಜು ಅರ್ಧ ಹೊರಗಿತ್ತು, ಅದನ್ನೂ ನೋಡಿದರು. ಹಮೀದಾಕ ನನ್ನ ಕಿವಿಯ ಹತ್ತಿರ ಬಂದು ತುಳುವಿನಲ್ಲಿ ಇದು ಯಾರು ಮಗಳೇ ಎಂದು ಕೇಳಿದರು. "ಬಲದಿಯಾದ ದೊಡ್ಡವರು," ಅಂದೆ. ಅವರ ಊರಿನ ಬಲದಿಯಾ, ಈಗ ಅಲ್ಲ, ಮೊದಲು, ಎಂದೆಲ್ಲ ಹೇಳಬೇಕಿತ್ತು. ಅಷ್ಟರಲ್ಲಿ ಅಣ್ಣು ಟೈಲರೂ ನನ್ನ ಕಡೆ ನೋಡಿದರು. ಉಳಿದದ್ದನ್ನು ಅಲ್ಲೇ ಬಿಟ್ಟು ಓಪಾನ ಹಿಂದೆ ನಡೆದುಬಿಟ್ಟೆ.

ಜನವರಿ 28, ಗುರುವಾರ

ಎಂತ ಆಯಿತೆಂದು ಬರೆಯಲೇಬೇಕು. ಟೊಮೆಟೊ ಪೆಟ್ಟಿಗೆಗಳು ಒಳಗೆ ಹೋಗಿದ್ದವು. ಅಣ್ಣು ಟೈಲರರ ಮೇಜು ಒಳಗೆ ಹೋಗಿತ್ತು, ಅವರು ಮಾತ್ರ ಜಾಗ ಸಾಲದೆ ಹೊರಗೆ ನಿಂತಿದ್ದರು. ಕಾಲುದಾರಿ ತೊಳೆದು ಇನ್ನೂ ಒದ್ದೆ. ಹಮೀದಾಕ ಅಂಗಿಯ ಮೇಲಿನ ಗುಂಡಿ ಹಾಕಿ ಸಲಾಂ ಹೇಳಿದರು. ಅಂಗಡಿಯ ಬೆಕ್ಕಿಗೂ ಸ್ನಾನ ಮಾಡಿಸಿದ ಹಾಗೆ ಕಂಡಿತು.

ಮಾರ್ಚ್‌ನಲ್ಲಿ ಇಲ್ಲಿಯ ಬಲದಿಯಾ ಕೌನ್ಸಿಲಿಗೆ ಚುನಾವಣೆ, ಈ ದೇಶದಲ್ಲಿ ಇದೇ ಮೊದಲು. ಹೆಂಗಸರೂ ನಿಂತಿದ್ದಾರಂತೆ. ಎಲ್ಲರ ಬಾಯಲ್ಲೂ ಅದೇ ಸುದ್ದಿ. ಅದಕ್ಕಾಗಿಯೇ ಹೊರದೇಶದಿಂದ ದೊಡ್ಡವರನ್ನು ಕರೆಸಿದ್ದಾರೆ ಎಂದು ಅಂಗಡಿಯವರು ಲೆಕ್ಕ ಹಾಕಿದ್ದಾರೆ.

ಓಪಾ ಮಾತ್ರ ತುಂಬ ಖುಷಿಯಾಗಿದ್ದರು. ಶಿಸ್ತಿನ ಜನ ಎಂದು ದಾರಿಯುದ್ದಕ್ಕೂ ಹೇಳಿದರು. ರಾತ್ರಿ ಎರಡು ಆಲೂಗಡ್ಡೆ ತಿಂದರು. ಮೇಡಂ ನನ್ನ ಬೆನ್ನು ತಟ್ಟಿದರು. ನಾನು ಇನ್ನು ಹೇಗೆ ಬಾಯಿ ಬಿಡಲಿ?

ಫೆಬ್ರವರಿ 3, ಬುಧವಾರ

ಓಪಾನ ಇಂಗ್ಲಿಷು ನನ್ನಷ್ಟೇ. ಮೇಡಂ ಮಾತಾಡಿದರೆ ನನಗೆ ಅರ್ಧ ಹೋಗುತ್ತದೆ, ಓಪಾ ಮಾತಾಡಿದರೆ ಪೂರ್ತಿ ಸಿಗುತ್ತದೆ. ಅವರಿಗೆ ಶಬ್ದ ಸಿಗದಿದ್ದರೆ ಕೊಡೆಯಿಂದ ಮರಳಿನ ಮೇಲೆ ಚಿತ್ರ ಬರೆಯುತ್ತಾರೆ. ನನಗೆ ಸಿಗದಿದ್ದರೆ ನಾನೂ ಬರೆಯುತ್ತೇನೆ. ಐದನೇ ಕ್ಲಾಸಿನಲ್ಲಿ ಬಿಟ್ಟ ಇಂಗ್ಲಿಷಿಗೆ ಇಂಥ ಜೊತೆ ಸಿಗುತ್ತದೆಂದು ಯಾರು ಎಣಿಸಿದ್ದರು?

ಅವರು ಮೊದಲು ಹಾಲಿನ ಡೈರಿಯಲ್ಲಿ ಗುಮಾಸ್ತರಾಗಿದ್ದರಂತೆ. ಹಳೆಯ ಮೇಯರ್ ತೀರಿಹೋದಾಗ ಯಾರೂ ನಿಲ್ಲಲು ಒಪ್ಪಲಿಲ್ಲ. ಇವರು ಸಭೆಯಲ್ಲಿ ಬೇಡ ಎಂದು ಹೇಳಲು ನಾಚಿ ಸುಮ್ಮನಿದ್ದರು, ಹಾಗೆ ಮೇಯರ್ ಆದರು. ಮೊದಲ ಭಾಷಣದ ದಿನ ಎದ್ದು ನಿಂತವರಿಗೆ ಒಂದು ಅಕ್ಷರ ಬರಲಿಲ್ಲ. ಕೊನೆಗೆ, ಸೂಪು ತಣ್ಣಗಾಗುತ್ತಿದೆ, ಊಟ ಮಾಡುವಾ ಎಂದರು. ಜನ ಕೈ ತಟ್ಟಿದರಂತೆ. ಇಪ್ಪತ್ತೇಳು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಭಾಷಣ ತಾನು ಮಾಡಿಲ್ಲ ಎಂದರು. ಊರಿನಲ್ಲಿ ಯಾರಿಗೆ ಎಂಬತ್ತು ತುಂಬಿದರೂ ಇವರು ಹ್ಯಾಟು ಹಾಕಿ, ಒಂದು ಹಂದಿಯ ತೊಡೆ ಹಿಡಿದುಕೊಂಡು ಮನೆಗೆ ಹೋಗಬೇಕಿತ್ತು. ಹಲ್ಲಿಲ್ಲದವರಿಗೂ ಅದೇ.

ನಾನು ಜೋರಾಗಿ ನಕ್ಕೆನಂತೆ. ಹಮೀದಾಕ ಅಂಗಡಿಯಿಂದ ಇಣುಕಿದರು. ಆಮೇಲೆ ಅಂಗಡಿಯ ಎದುರಿನ ಬೆಂಚಿನ ಮೇಲೆ ಕೂರಿಸಿ ಬಿಸಿ ಗೋಳಿಬಜೆ ಕೊಟ್ಟರು. ಓಪಾ ಒಂದು ತಿಂದು, ಒಳಗೆ ಏನೂ ತುಂಬಿಸಿಲ್ಲವಾ ಎಂದು ಮುರಿದು ನೋಡಿ, ಮತ್ತೆ ನಾಲ್ಕು ತಿಂದರು.

ಫೆಬ್ರವರಿ 10, ಬುಧವಾರ

ಈಗ ದಿನಾ ಮಸೀದಿಯಲ್ಲಿ ಸಂಜೆಯ ಅಸರ್ ಬಾಂಗ್ ಆದ ಮೇಲೆ ಆ ಬೆಂಚಿನಲ್ಲಿ ನಮ್ಮ ಕೋರ್ಟು. ಬಲದಿಯಾದವರು ಕುಳಿತಿದ್ದಾರೆಂದು ಜನ ದೂರು ತರುತ್ತಾರೆ. ಓಪಾಗೆ ತಮ್ಮ ಊರಿನ ಗುರುವಾರಗಳು ನೆನಪಾಗುತ್ತವಂತೆ. ಅವತ್ತು ಯಾರು ಬೇಕಾದರೂ ಮೇಯರ್ ಬಾಗಿಲು ತಟ್ಟಬಹುದಿತ್ತು. ಜನರ ದೂರನ್ನು ಓಪಾಗೆ ಇಂಗ್ಲಿಷಿನಲ್ಲಿ ಹೇಳುವವಳು ನಾನು.

ಇವತ್ತು ಅಣ್ಣು ಟೈಲರರ ದೂರು. ಹಮೀದಾಕರ ಏಸಿಯ ನೀರು ಟೈಲರರ ಗಿರಾಕಿಗಳ ತಲೆಯ ಮೇಲೆ ಬೀಳುತ್ತದೆ. ಟೈಲರರ ಮೇಜು ಹೊರಗೆ ಬಂದರೆ ಹಮೀದಾಕರ ಬಾಗಿಲು ಅರ್ಧ ಮುಚ್ಚುತ್ತದೆ. ಇದೇ ಕಾರಣಕ್ಕೆ ಅಕ್ಕಪಕ್ಕದ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದಾರೆ. ಓಪಾ ತಮ್ಮ ಊರಿನ ಕ್ರಮ ಹೇಳಿದರು. ಅಲ್ಲಿ ದೂರು ಕೊಡುವವನು ಮೊದಲು ಎದುರಿನವನ ದೂರನ್ನು ಹೇಳಬೇಕು. ಅವನು ಹೌದು, ಇದೇ ನನ್ನ ಮಾತು ಎನ್ನುವವರೆಗೆ ತನ್ನದನ್ನು ಎತ್ತುವ ಹಾಗಿಲ್ಲ.

ಅಣ್ಣು ಟೈಲರು ಗಂಟಲು ಸರಿಮಾಡಿಕೊಂಡು ಹಮೀದಾಕರ ಪರವಾಗಿ ಶುರು ಮಾಡಿದರು. ಪಾಪ, ಅಕ್ಕಿ ಮೂಟೆ ಹೊತ್ತು ಬರುವಾಗ ಮೇಜಿಗೆ ಮೊಣಕಾಲು ತಾಗುತ್ತದೆ, ಒಮ್ಮೆ ಬಿದ್ದೂ ಬಿಟ್ಟಿದ್ದರು, ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ ಎಂದರು. ಹಮೀದಾಕ ನೆಲ ನೋಡುತ್ತ ಕುಳಿತರು. "ನೀನು ನೋಡಿದ್ದಿಯಾ ಮಾರಾಯ?" ಎಂದು ಮಾತ್ರ ಕೇಳಿದರು. "ನೋಡದೆ? ಹೊಲಿಗೆ ತಪ್ಪಿ ಒಂದು ಪ್ಯಾಂಟು ಹಾಳಾಯಿತು," ಅಂದರು ಟೈಲರು.

ಆಮೇಲೆ ಇಬ್ಬರೂ ಹಳೆಯದನ್ನು ತೆಗೆದು ಚೆನ್ನಾಗಿ ಬೈದುಕೊಂಡರು. ಇವರು ಏನು ಹೇಳುತ್ತಿದ್ದಾರೆ ಎಂದು ಓಪಾ ನನ್ನನ್ನು ಕೇಳಿದರು. ಬೈಗುಳಗಳಿಗೆ ನನ್ನಲ್ಲಿ ಇಂಗ್ಲಿಷು ಇರಲಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ. ಪೈಪಿನ ವಿಷಯ ಮಾತಾಡುತ್ತಿದ್ದಾರೆ ಎಂದೆ. ಇಬ್ಬರ ಕಡೆ ತಿರುಗಿ, ಅಜ್ಜ ಪೈಪು ಹಾಕಿ ಎನ್ನುತ್ತಿದ್ದಾರೆ, ನೀರನ್ನು ಆ ಬೇವಿನ ಗಿಡಕ್ಕೆ ಬಿಡಿ, ಮೇಜು ಒಳಗೇ ಆ ಕಡೆ ಗೋಡೆಗೆ ಸರಿಸಿ ಎಂದೆ. ಅಜ್ಜ ಹಾಗೆ ಏನೂ ಹೇಳಿರಲಿಲ್ಲ. ಆದರೆ ಹೇಳಬಹುದಾಗಿದ್ದ ಮಾತು ಅಷ್ಟೇ ತಾನೇ?

ಮೇಡಂ ಹತ್ತಿರ ಹೇಳಿದಾಗ, ನೀನು ಇಷ್ಟು ಉದ್ದದ ಕಥೆ ಹೇಳಿದ್ದು ಇದೇ ಮೊದಲು ಎಂದರು. ಅಷ್ಟೇನೂ ಉದ್ದ ಇರಲಿಲ್ಲ.

ಫೆಬ್ರವರಿ 21, ಆದಿತ್ಯವಾರ

ಇವತ್ತು ಎಲ್ಲ ಹಾಳಾಯಿತು.

ಅಣ್ಣು ಟೈಲರು ಅಂಗಡಿಗೆ ಹೊಸ ಬೋರ್ಡು ಬರೆಸಿದ್ದಾರೆ. ಅದಕ್ಕೆ ಬಲದಿಯಾದ ಒಪ್ಪಿಗೆ ಬೇಕು. ಕಾಗದ ತಂದು ಓಪಾನ ಮುಂದೆ ಹಿಡಿದು, ದೊಡ್ಡವರು ಒಂದು ಸಹಿ ಹಾಕಿದರೆ ಖಲಾಸ್ ಎಂದರು. ಇವರು ನನ್ನ ಸಹಿ ಏಕೆ ಕೇಳುತ್ತಾರೆ ಎಂದು ಓಪಾ ನನ್ನನ್ನು ಕೇಳಿದರು. ಸುಳ್ಳು ಹೇಳಲು ಬೇಕಾದಷ್ಟು ಇಂಗ್ಲಿಷು ನನಗೆ ಬರುವುದಿಲ್ಲ. ಇದ್ದದ್ದನ್ನು ಹೇಳಿದೆ.

ಓಪಾ ಕೊಡೆ ಮಡಚಿ ಎದ್ದರು. ನನಗಾಗಿ ಕಾಯದೆ ಮನೆಯ ಕಡೆ ನಡೆದರು.

ಫೆಬ್ರವರಿ 22, ಸೋಮವಾರ

ಊಟ ವಾಪಸು ಬಂತು. ಮೇಡಂ ನನ್ನನ್ನೇ ನೋಡುತ್ತಾರೆ. ಅಮ್ಮನಿಗೆ ಎಂತ ಬರೆಯಲಿ?

ಫೆಬ್ರವರಿ 23, ಮಂಗಳವಾರ

ಸಂಜೆ ಓಪಾ ಹ್ಯಾಟು ಹಾಕಿ ಬಾಗಿಲಲ್ಲಿ ನಿಂತಿದ್ದರು. ಜನ ಕೊಡದ ಕುರ್ಚಿಯಲ್ಲಿ ನಾನು ಒಂದು ದಿನವೂ ಕುಳಿತವನಲ್ಲ, ನಡೆ, ಅವರಿಗೆ ಹೇಳು ಎಂದರು. ನೀವೇ ಹೇಳಿ ಎಂದರೆ, ನಾನು ಹೇಳಿದರೆ ಅವರಿಗೆ ತಿಳಿಯುವುದಿಲ್ಲ, ನಿನ್ನ ಭಾಷೆಯಲ್ಲಿ ಹೇಳು ಎಂದರು.

ಬೆಂಚಿನ ಹತ್ತಿರ ಆರೇಳು ಜನ ಇದ್ದರು. ನಾನು ಓಪಾನ ಬೆನ್ನ ಹಿಂದೆ ಸರಿದೆ. ಓಪಾ ಮರಳಿನ ಮೇಲೆ ಕೊಡೆಯಿಂದ ಒಂದು ಬಟ್ಟಲು ಬರೆದು, ಅದರಿಂದ ಹೊಗೆ ಏಳುವ ಹಾಗೆ ಗೆರೆ ಎಳೆದರು. ಸೂಪು. ನನಗೆ ನಗು ಬಂತು, ಆ ನಗುವಿನ ಹಿಂದೆ ಮಾತೂ ಬಂತು. ಇವರು ಇಲ್ಲಿಯ ಬಲದಿಯಾದವರಲ್ಲ, ತಮ್ಮ ಊರಿನಲ್ಲಿ ಮೇಯರ್ ಆಗಿದ್ದವರು, ಈಗ ಅಲ್ಲಿಯೂ ಅಲ್ಲ, ನಾನು ಅರ್ಧ ಹೇಳಿ ನಿಲ್ಲಿಸಿದ್ದರಿಂದ ಹೀಗಾಯಿತು ಎಂದೆ.

ಹಮೀದಾಕ ಚಹಾ ಸೋಸುತ್ತಲೇ ಇದ್ದರು. "ಗೊತ್ತುಂಟು ಮಗಳೇ. ನೌಶಾದ್ ಎರಡನೇ ವಾರವೇ ಹೇಳಿದ. ಈ ಅಜ್ಜ ಬಂದ ಮೇಲೆ ಇವನು ನನ್ನ ಹತ್ತಿರ ಮಾತಾಡುತ್ತಾನೆ, ನಾನು ಯಾಕೆ ಬಾಯಿ ಬಿಡಲಿ?"

ಇವನು ಎಂದರೆ ಅಣ್ಣು ಟೈಲರು. ಅವರಿಗೆ ಮಾತ್ರ ಗೊತ್ತಿರಲಿಲ್ಲ. ಇಷ್ಟು ದಿನ ಮೇಜು ಒಳಗಿಟ್ಟು ನಿಂತುಕೊಂಡೇ ಹೊಲಿದೆ ಎಂದು ಸಿಟ್ಟಾದರು. ಯಾರನ್ನು ಕೇಳಿ ಇವರನ್ನು ಬೆಂಚಿನಲ್ಲಿ ಕೂರಿಸಿದ್ದು ಎಂದರು. ನಾನು ಓಪಾಗೆ ಅದನ್ನು ಇದ್ದ ಹಾಗೇ ಹೇಳಿದೆ.

ಓಪಾನ ಮುಖ ಒಮ್ಮೆಗೇ ಬೆಳಗಿತು. ಇದು ಸರಿಯಾದ ಪ್ರಶ್ನೆ ಎಂದರು. ಇಡೀ ಊರಿನಲ್ಲಿ ಚುನಾವಣೆಯ ಗಾಳಿ ಇರುವಾಗ ಈ ಬೆಂಚಿಗೂ ಒಂದು ಆಗಲಿ, ಜನ ಒಪ್ಪಿದರೆ ಕೂರುತ್ತೇನೆ, ಇಲ್ಲದಿದ್ದರೆ ಗಿರಾಕಿಯಾಗಿ ಬಂದು ಗೋಳಿಬಜೆ ತಿಂದು ಹೋಗುತ್ತೇನೆ ಎಂದರು. ಚುನಾವಣೆ ಎಂಬ ಶಬ್ದ ನಮ್ಮಂಥ ಹೊರಗಿನವರಿಗೆ ಬೇಡ, ಬೆಂಚಿನ ಆಟ ಅನ್ನುವಾ ಎಂದರು ಹಮೀದಾಕ. ಓಪಾ ಅದಕ್ಕೂ ಒಪ್ಪಿದರು. ಆದರೆ ಎದುರಾಳಿ ಇಲ್ಲದೆ ಆಗದು ಎಂದು ಹಠ ಹಿಡಿದರು. ಎಲ್ಲರೂ ಹಿಂದೆ ಸರಿದರು.

ಆಗ ಅಣ್ಣು ಟೈಲರು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನನ್ನ ಕಡೆ ತೋರಿಸಿದರು. "ಇವಳು ನಿಲ್ಲಲಿ. ನೀರಿನ ಪಂಚಾತಿಕೆ ಮುಗಿಸಿದ್ದು ಇವಳೇ. ಅಜ್ಜನಿಗೆ ಎಂತ ಅರ್ಥ ಆಗಿದೆ ಮಣ್ಣು."

ನಾನು ಬೇಡ ಎಂದು ಹೇಳಬೇಕಿತ್ತು. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಓಪಾ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಮಾರ್ಚ್ 3, ಬುಧವಾರ

ಎದುರಾಳಿಗೆ ಭಾಷಣ ಕಲಿಸುವ ಮೇಯರ್ ಬೇರೆ ಯಾವ ದೇಶದಲ್ಲೂ ಇರಲಿಕ್ಕಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಗಲು ಹಾಕುವಾಗ ಅವುಗಳ ಮುಂದೆ ಮಾತಾಡಿಸುತ್ತಾರೆ. ಮೇಡಂ ಗಂಡ ಸಾರ್ ಅವರ ಅಂಗಿಗಳು ಕೊನೆಯ ಸಾಲಿನವರು, ಅವರಿಗೂ ಕೇಳಿಸಬೇಕು ಎನ್ನುತ್ತಾರೆ. ಸಂಜೆ ಬೆಂಚಿನ ಹತ್ತಿರ ಹೋಗಿ, ಈ ಹುಡುಗಿಗೆ ಅನುಭವ ಇಲ್ಲ, ನನಗೇ ಹಾಕಿ ಎಂದು ನನ್ನ ಬಾಯಿಂದಲೇ ತುಳುವಿನಲ್ಲಿ ಹೇಳಿಸುತ್ತಾರೆ. ನಾನು ಹೇಳುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ.

ಮಧ್ಯೆ ಒಂದು ಸುದ್ದಿ. ಆ ಮದ್ದಿನಂಗಡಿಯ ಹೊಸ ಮೇಯರ್ ಮೇಡಂಗೆ ಫೋನು ಮಾಡಿದ್ದರು. ಅವರ ಊರಿನ ಹೊಳೆಗೆ ಕಾಲುಸೇತುವೆ ಆಗಿದೆ. ಮಕ್ಕಳು ಲಾರಿಗಳ ರಸ್ತೆಯಲ್ಲಿ ಶಾಲೆಗೆ ಹೋಗುವುದು ತಪ್ಪಲಿ ಎಂದು ಓಪಾ ಹದಿನಾಲ್ಕು ವರ್ಷ ಅದಕ್ಕಾಗಿ ಅಲೆದಿದ್ದರಂತೆ. ಮುಗಿದದ್ದು ಇವರು ಸೋತ ಮೇಲೆ. ಈ ತಿಂಗಳ ಕೊನೆಗೆ ಅದನ್ನು ತೆರೆಯಲು ಇವರೇ ಬರಬೇಕಂತೆ. ಓಪಾ ಆಗುವುದಿಲ್ಲ ಎಂದು ಹೇಳಿಸಿದರು. ಬೇಸಿಗೆ ಮುಗಿಯುವ ತನಕ ಇಲ್ಲೇ ಇರುತ್ತಾರಂತೆ.

ನನಗೆ ಒಳಗೊಳಗೇ ಸಮಾಧಾನವಾಯಿತು. ಅವರು ಇದ್ದರೆ ತಾನೇ ನನಗೆ ಕೆಲಸ. ಹಾಗೆ ಸಮಾಧಾನವಾದದ್ದಕ್ಕೆ ಸ್ವಲ್ಪ ಬೇಸರವೂ ಆಯಿತು. ಆ ಸೇತುವೆಯನ್ನು ಅವರು ಮರಳಿನ ಮೇಲೆ ಎಷ್ಟು ಸಲ ಬರೆದು ತೋರಿಸಿದ್ದಾರೆ.

ಮಾರ್ಚ್ 8, ಸೋಮವಾರ

ಇವತ್ತು ದೋಹಾದಲ್ಲಿ ಬಲದಿಯಾ ಚುನಾವಣೆ. ಓಪಾನ ಹಠದಿಂದ ನಮ್ಮ ಬೆಂಚಿನ ಆಟವೂ ಇವತ್ತೇ.

ಹಮೀದಾಕ ನಿಡೋ ಹಾಲುಪುಡಿಯ ಡಬ್ಬಿಗೆ ತೂತು ಕೊರೆದು ಅಂಗಡಿಯ ಒಳಗೆ, ಅಕ್ಕಿ ಮೂಟೆಗಳ ಹಿಂದೆ ಇಟ್ಟರು. ಕಡಲೆ ಹಾಕಿದರೆ ಓಪಾ, ಹೆಸರುಕಾಳು ಹಾಕಿದರೆ ನಾನು. ಒಳಗೆ ಒಬ್ಬೊಬ್ಬರೇ ಹೋಗಬೇಕು. ಭಾಷಣಕ್ಕೆ ನಾನು ಹೆಚ್ಚು ಹೇಳಲಿಲ್ಲ. ಯಾರ ಮಾತನ್ನಾದರೂ ಪೂರ್ತಿ ಕೇಳುತ್ತೇನೆ, ಬೈಗುಳ ಮಾತ್ರ ಮುಂದೆ ದಾಟಿಸುವುದಿಲ್ಲ ಎಂದೆ. ನೌಶಾದಣ್ಣ ಸಿಳ್ಳೆ ಹಾಕಿದರು.

ಎಣಿಸುವಾಗ ಒಂದು ಕಡಲೆ ಅರ್ಧವಾಗಿತ್ತು. ಓಪಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಅಸಿಂಧು ಎಂದು ತಾವೇ ಪಕ್ಕಕ್ಕಿಟ್ಟರು. ಆದರೂ ಹೆಸರುಕಾಳಿನ ರಾಶಿಯೇ ದೊಡ್ಡದಾಗಿತ್ತು. ಮುದುಕರಿಗೆ ಮತ್ತೆ ಸೋಲಾಯಿತಲ್ಲ ಎಂದು ಎಲ್ಲರೂ ಹೆದರಿದ್ದರು. ನಾನಂತೂ ಹೆಸರುಕಾಳು ಬಾಚಿ ನುಂಗಿಬಿಡಲಾ ಎಂದುಕೊಂಡೆ.

ಓಪಾ ಹ್ಯಾಟು ತೆಗೆದು ನನ್ನ ಹತ್ತಿರ ಬಂದು ಕೈ ಚಾಚಿದರು. ನಾನು ಹಿಡಿದೆ. ಅವರು ತುಂಬ ಹೊತ್ತು ಬಿಡಲಿಲ್ಲ.

"ಊರಿನಲ್ಲಿ ಸೋತ ದಿನ ನಾನು ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟೆ," ಎಂದರು ನಮ್ಮ ಇಂಗ್ಲಿಷಿನಲ್ಲಿ. "ಅವನು ಕೈ ಚಾಚಿ ನಿಂತಿದ್ದ."

ಯಾರು ಎಂದು ನಾನು ಕೇಳಲಿಲ್ಲ. ಹಮೀದಾಕ ಅಜ್ಜ ಎಂತ ಹೇಳಿದ್ದು ಎಂದು ಕೇಳಿದರು. ಗೆದ್ದವಳು ಎಲ್ಲರಿಗೂ ಚಹಾ ಕೊಡಿಸಬೇಕಂತೆ ಎಂದೆ.

ಮಾರ್ಚ್ 9, ಮಂಗಳವಾರ

ಬೆಳಿಗ್ಗೆ ಓಪಾ ತಾವೇ ಆ ಹೊಸ ಮೇಯರಿಗೆ ಫೋನು ಮಾಡಿದರು. ಆದಿತ್ಯವಾರ ಹೊರಡುತ್ತಾರೆ. ಮೇಡಂ ಅಡುಗೆಮನೆಯಲ್ಲಿ ನಿಂತು ಅತ್ತರು, ಖುಷಿಗೆ. ಅದೇ ದಿನಗಳಲ್ಲಿ ನನ್ನ ಮೂರು ತಿಂಗಳೂ ಮುಗಿಯುತ್ತದೆ. ಹೋಗಬೇಡಿ ಎಂದು ಓಪಾಗೆ ಹೇಳಬಹುದಿತ್ತು, ನನ್ನ ಮಾತು ಅವರು ಕೇಳುತ್ತಾರೆ. ಹೇಳಲಿಲ್ಲ. ನಾಚಿಕೆಯಿಂದ ಅಲ್ಲ. ಸೇತುವೆ ಅವರದು.

ಮಾರ್ಚ್ 14, ಆದಿತ್ಯವಾರ

ಏರ್‌ಪೋರ್ಟಿಗೆ ಹಮೀದಾಕ, ಅಣ್ಣು ಟೈಲರು ಒಂದೇ ಟ್ಯಾಕ್ಸಿಯಲ್ಲಿ ಬಂದರು. ಟೈಲರು ಓಪಾಗೆ ಹೊಲಿದ ಅಂಗಿಯ ತೋಳು ಒಂದು ಉದ್ದ, ಒಂದು ಗಿಡ್ಡ. ಅವರು ಅದನ್ನೇ ಹಾಕಿಕೊಂಡು ಹೋದರು.

ಇನ್ನು ನನ್ನ ವಿಷಯ ಮೇಡಂ ಹತ್ತಿರ ನಾನೇ ಕೇಳಬೇಕು. ಮಾವ್ಶಿಯಿಂದ ಕೇಳಿಸುವುದಿಲ್ಲ.

ಮಾರ್ಚ್ 16, ಮಂಗಳವಾರ

ಬೆಳಿಗ್ಗೆಯೇ ಕೇಳಬೇಕೆಂದು ಇಂಗ್ಲಿಷಿನಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಟ್ಟಿದ್ದೆ. ಅಷ್ಟರಲ್ಲಿ ನಲ್ಲಿ ರಿಪೇರಿಯವನು ಬಂದ. ಸಿಂಕಿನ ಕೆಳಗೆ ತಲೆ ಹಾಕಿದ ಹಾಗೆ ಮಾಡಿ, ಮಾಫಿ ಸಾಮಾನು, ಅಂದರೆ ಸಾಮಾನಿಲ್ಲ, ನಾಡಿದ್ದು ಬರುತ್ತೇನೆ ಎಂದ. ಹೋದ ವಾರವೂ ಇದನ್ನೇ ಹೇಳಿದ್ದ. ನಿನ್ನ ಚೀಲದಲ್ಲಿ ವಾಷರ್ ಕಾಣುತ್ತಿದೆಯಲ್ಲ, ಅದು ಯಾರ ಸಾಮಾನು ಎಂದು ಹಿಂದಿಯಲ್ಲಿ ಕೇಳಿದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ನೆಲ ಒದ್ದೆಯಾಗಿ ಜಾರುತ್ತದೆ, ನಿನ್ನ ಮಕ್ಕಳು ಜಾರಿದರೆ ನಾಡಿದ್ದಿನ ತನಕ ಕಾಯುತ್ತೀಯಾ ಎಂದೆ. ಹಾಕಿ ಮುಗಿಸಿ ಹೋದ. ಹೋಗುವಾಗ ಸಲಾಂ ಹೇಳಿದ.

ತಿರುಗಿದರೆ ಮೇಡಂ ಬಾಗಿಲಲ್ಲಿ ನಿಂತಿದ್ದರು. ಬಾಯಿಪಾಠ ಮಾಡಿದ ವಾಕ್ಯಗಳು ಎಲ್ಲಿಗೋ ಹೋದವು. ಆದರೆ ಬೇರೆ ಬಂದವು. ನಾನು ಇಲ್ಲೇ ಇರಬೇಕು ಎಂದೆ. ಇದ್ದರೆ ಮಕ್ಕಳ ಶೂ ಸಣ್ಣದಾಗಿದೆ, ಬದಲಿಸಬೇಕು, ಸಣ್ಣವಳು ಹಾಲು ಕುಡಿಯದೆ ಗಿಡಕ್ಕೆ ಹಾಕುತ್ತಾಳೆ, ಅದಕ್ಕೆ ಗಿಡ ಅಷ್ಟು ದಪ್ಪ ಇರುವುದು, ಅವಳಿಗೆ ಏಲಕ್ಕಿ ಹಾಕಿ ಕೊಡಬೇಕು, ನನ್ನ ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುವ ಹಾಗಿಲ್ಲ, ಶುಕ್ರವಾರ ಬಲಿಪೂಜೆಗೆ ಹೋಗಲು ನೌಶಾದಣ್ಣನ ಕಾರು ಬೇಕು. ಒಂದಾದ ಮೇಲೆ ಒಂದು ನೆನಪಾಯಿತು.

ಮೇಡಂ ಕೈ ಎತ್ತಿದರು.

"ಬೆನಿಟಾ, ನಿನ್ನನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಲು ನಿನ್ನೆಯಿಂದ ಕಾಯುತ್ತಿದ್ದೇನೆ. ನನ್ನ ಮಾತಿಗೆ ನೀನು ಜಾಗವೇ ಬಿಡುವುದಿಲ್ಲ."

ಮಾವ್ಶಿಗೆ ಫೋನು ಮಾಡಿದೆ. ಅಮ್ಮನಿಗೂ ನಾಲ್ಕು ಪುಟ ಬರೆದೆ. ಮೇಡಂ ಯಾಕೆ ಹಾಗೆ ಹೇಳಿದರೋ ತಿಳಿಯಲಿಲ್ಲ. ಈ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು ನಾನೇ.